ಏಳನೇ ತಲೆಮಾರಿನಲ್ಲಿ ಉಳಿದ ‘ಇ’

ಅಥವಾ ಅದು ಜಗಲಿಯೇ ಅಲ್ಲದಿರಬಹುದು. ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು, ನಾನು ಲ್ಯಾಪ್‌ಟಾಪನ್ನು ಅಕ್ಕಿಡಬ್ಬಿಯ ಮುಚ್ಚಳದ ಮೇಲೆ ಇಟ್ಟಿದ್ದೆ ಎಂಬ ಇನ್ನೊಂದು ಚಿತ್ರವೂ ನನ್ನ ತಲೆಯಲ್ಲಿದೆ. ಆ ಚಿತ್ರದಲ್ಲಿ ದೊಡ್ಡಮ್ಮನ ಹಿಂದೆ ಸಮುದ್ರ ಕಾಣುತ್ತದೆ. ಆದರೆ ಮರವಂತೆಯ ಆ ಮನೆಯ ಅಡುಗೆಮನೆಯಿಂದ ಸಮುದ್ರ ಕಂಡದ್ದು ಪಡುಗೋಡೆ ಕುಸಿದ ಮೇಲೆ, ಗೋಡೆ ಕುಸಿದದ್ದು ನಾನು ಅವಳ ಮಾತು ರೆಕಾರ್ಡ್ ಮಾಡಿಕೊಂಡು ಬಂದ ನಂತರದ ಮಳೆಗಾಲದಲ್ಲಿ. ಅಂದರೆ ಆಮೇಲೆ ಕಂಡ ಸಮುದ್ರವನ್ನು ನಾನೇ ತಂದು ಮೊದಲಿನ ಚಿತ್ರದ ಹಿಂದೆ ನಿಲ್ಲಿಸಿದ್ದೇನೆ. ಜಗಲಿ ಎಂದೇ ಇಟ್ಟುಕೊಳ್ಳೋಣ. ನೀವೂ ಹಾಗೇ ಇಟ್ಟುಕೊಳ್ಳಿ, ಪೂರ್ತಿ ನಂಬುವುದು ಮಾತ್ರ ಬೇಡ.

ಈ ತಕರಾರೆಲ್ಲ ಎದ್ದದ್ದು ಒಂದು ವಾಸನೆಯಿಂದ. ಬಿಸಿಯಾದ ಧೂಳಿನ ವಾಸನೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಬ್ರಹ್ಮಾವರದ ನಮ್ಮ ಮನೆಯ ಊಟದ ಮೇಜಿನ ಮೇಲೆ ನನ್ನ ಒಂಬತ್ತು ವರ್ಷದ ಲ್ಯಾಪ್‌ಟಾಪು ಆ ವಾಸನೆ ಬಿಡುತ್ತ, ಒಳಗಿನ ಫ್ಯಾನನ್ನು ಗಿರ್ರೆನಿಸುತ್ತ, ತೆರೆಯ ಮೇಲೆ ಒಂದು ನೋಟೀಸು ತಂದು ನಿಲ್ಲಿಸಿತು. ಈ ಯಂತ್ರ ಹೊಸ ಆವೃತ್ತಿಗೆ ಅರ್ಹವಲ್ಲ, ಇನ್ನು ಮುಂದೆ ಇದರ ಸುರಕ್ಷತೆಗೆ ನಾವು ಹೊಣೆಯಲ್ಲ ಎಂಬರ್ಥದ ಬಹಳ ಸಭ್ಯವಾದ ಮಾತು. ನಿವೃತ್ತಿಯ ಪತ್ರಗಳು ಹೀಗೇ ಇರುತ್ತವೆ.

ನನ್ನ ಕೆಲಸ ಕರಡು ತಿದ್ದುವುದು. ಪ್ರಕಾಶಕರು ಪುಟಗಳನ್ನು ಕಳಿಸುತ್ತಾರೆ, ನಾನು ಕಾಗುಣಿತ, ಒತ್ತಕ್ಷರ, ಅಲ್ಪವಿರಾಮ ನೋಡಿ ಹಿಂದಕ್ಕೆ ಕಳಿಸುತ್ತೇನೆ. ಒಂದು ಕಾಲದಲ್ಲಿ ನಾನೂ ಕಥೆ ಬರೆಯುತ್ತಿದ್ದೆ. ಪೂರ್ಣವಿರಾಮವೇ ಇಲ್ಲದ ಕಥೆಯೊಂದನ್ನು ಪತ್ರಿಕೆಗೆ ಕಳಿಸಿದಾಗ ಅಲ್ಲಿಯ ಕರಡು ತಿದ್ದುವವರು ಪ್ರತಿ ಸಾಲಿಗೂ ಚುಕ್ಕಿ ಇಟ್ಟು ಅಚ್ಚು ಹಾಕಿದರು. ಓದಿದವರು ಸರಳವಾಗಿದೆ ಎಂದು ಹೊಗಳಿದರು. ಆಮೇಲೆ ನಾನೇ ಚುಕ್ಕಿ ಇಡುವವಳಾದೆ. ಇರಲಿ. ಹೇಳಹೊರಟದ್ದು ಇಷ್ಟೇ: ಚುಕ್ಕಿ ಇಡುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ಆದರೆ ಈಗ ಪ್ರಕಾಶಕರು ಫೋಟೋ ತುಂಬಿದ ಪುಟಗಳನ್ನು ಕಳಿಸುತ್ತಾರೆ. ಒಂದು ಪುಸ್ತಕ ತೆರೆದುಕೊಳ್ಳುವಷ್ಟರಲ್ಲಿ ನಾನು ಎದ್ದು ಹೋಗಿ ಗಂಜಿಗೆ ನೀರಿಟ್ಟು, ತುಳಸಿಗೆ ನೀರು ಹಾಕಿ, ಮರಳಿ ಬಂದು ಕೂತು ಇನ್ನೂ ಕಾಯಬೇಕು.

ಕುಂದಾಪುರದಲ್ಲಿ ರಾಘು ಎಂಬವನ ರಿಪೇರಿ ಅಂಗಡಿ ಇದೆ. ಬೊಂಬಾಯಿಯಲ್ಲಿ ಹತ್ತು ವರ್ಷ ಇದೇ ಕೆಲಸ ಮಾಡಿ ಬಂದವನು. ನನ್ನ ಯಂತ್ರವನ್ನು ತಿರುಗಿಸಿ, ಹಿಂದಿನ ಚೀಟಿ ಓದಿ, “ಕೂಕಣಿ ಅಕ್ಕ” ಅಂದ. ಡಾಕ್ಟರು ಕೂತುಕೊಳ್ಳಿ ಅಂದರೆ ನಾವು ಹೆದರಿಕೊಳ್ಳುತ್ತೇವಲ್ಲ, ಹಾಗಾಯಿತು.

“ನಿಮ್ದ್ ಪ್ರೊಸೆಸರ್ ಏಳನೇ ಜನರೇಷನ್. ಹೊಸ್ದ್ ಹಾಕುಕೆ ಎಂಟಾದ್ರೂ ಬೇಕ್.”

“ಏಳಕ್ಕೂ ಎಂಟಕ್ಕೂ ಎಷ್ಟು ಅಂತರ?”

“ಒಂದ್ ವರ್ಷ ಇಪ್ಪುದೇನೊ.”

“ಈಗ ಎಷ್ಟನೆಯದು ನಡೀತಾ ಇದೆ?”

“ಹದ್ನಾಲ್ಕಾಯ್ತ್. ಆಮೇಲ್ ಅವ್ರಿಗೇ ಎಣ್ಸಿ ಎಣ್ಸಿ ಸಾಕಾಯ್ತ್ ಕಾಣತ್ತ್, ಹೆಸ್ರೇ ಬದ್ಲ್ ಮಾಡಿದ್ರ್.”

ವರ್ಷಕ್ಕೊಂದು ತಲೆಮಾರು. ನಮ್ಮಲ್ಲಿ ತಲೆಮಾರು ಎಣಿಸುವುದು ತಾಯಿಯ ಕಡೆಯಿಂದ. ಅಮ್ಮ, ಅಮ್ಮಮ್ಮ, ಅಮ್ಮಮ್ಮನ ತಾಯಿ, ಅಲ್ಲಿಗೆ ಹೆಸರುಗಳು ಮುಗಿಯುತ್ತವೆ. ಅದರಾಚೆ ಯಾರೋ ಒಬ್ಬಳು ದೋಣಿಯಲ್ಲಿ ಬಂದಳು ಎನ್ನುತ್ತಾರೆ, ಎಲ್ಲಿಂದ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸುತ್ತಾರೆ. ರಾಘುವಿನ ಲೆಕ್ಕದಲ್ಲಿ ನೋಡಿದರೆ ನನ್ನ ಮೇಜಿನ ಮೇಲಿದ್ದದ್ದು ನಮ್ಮ ಮನೆತನಕ್ಕಿಂತ ಹಳೆಯ ವಸ್ತು.

ಯೋಚಿಸಿ ಹೇಳುತ್ತೇನೆ ಎಂದು ಮನೆಗೆ ಬಂದೆ. ಅಮ್ಮ ಬಸಳೆಯ ದಂಟು ಮುರಿಯುತ್ತ ಕೂತಿದ್ದಳು. ಹೊಸದು ತೆಗೆದುಕೊಳ್ಳಬೇಕಾಗಬಹುದು ಎಂದೆ. ಅವಳು ಇಂಥದರಲ್ಲಿ ಬಾಯಿ ಹಾಕುವವಳಲ್ಲ. ಆ ದಿನ ಕೇಳಿದಳು.

“ಹೊಸ್ದ್ ತಕಂಡ್ರೆ ಇದ್ರಂಗಿದ್ದದ್ದೆಲ್ಲ ಅದ್ರಂಗೂ ಬತ್ತಾ?”

“ಎಲ್ಲ ಬರುತ್ತೆ ಅಮ್ಮ.”

“ಅಕ್ಕನ್ ಮಾತೂ?”

“ಅದೂ.”

ಅವಳು ಇನ್ನೆರಡು ದಂಟು ಮುರಿದಳು. “ಅದೊಂದ್ ಬಪ್ಪುದ್ ಬ್ಯಾಡ. ಸಿಟ್ಟ್ ಇತ್ತ್ ಅಂದದ್ದನ್ನ ಹೊಸ್ದ್ರಂಗೂ ತುಂಬ್ಸ್ಕಂಬುದ್ ಎಂತಕೆ.”

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆಯವರಲ್ಲದಿದ್ದರೆ ಈ ಮಾತಿನಲ್ಲಿ ಏನಾಯಿತು ಎಂದು ನಿಮಗೆ ತಿಳಿಯುವುದಿಲ್ಲ.

ನನ್ನ ಜೊತೆ ಮೈಸೂರಿನಲ್ಲಿ ಓದುತ್ತಿದ್ದ ಗೆಳತಿಯೊಬ್ಬಳು ಒಮ್ಮೆ ರಜೆಗೆ ಬಂದಿದ್ದಳು. ಮರವಂತೆಯಲ್ಲಿ ಅಂಗಡಿಗೆ ಹೋಗಿ “ಸಕ್ಕರೆ ಇದೆಯಾ?” ಎಂದು ಕೇಳಿದಳು. ಅಂಗಡಿಯವರು “ಇತ್ತ್” ಅಂದರು. ಇವಳು ಖಾಲಿ ಚೀಲ ಹಿಡಿದು ಹೊರಟೇಬಿಟ್ಟಳು. ಅವರು ಹಿಂದಿನಿಂದ, “ಹ್ವಾಯ್, ಇತ್ತ್ ಅಂದ್ರೂ ಹೋತ್ರಲ್ದಾ” ಎಂದು ಕರೆದರು. ಕುಂದಾಪುರದ ಕನ್ನಡದಲ್ಲಿ ‘ಇತ್ತ್’ ಎಂದರೆ ಇದೆ. ಈಗ, ಇಲ್ಲಿ, ಕೈಗೆ ಸಿಗುವಂತೆ ಇದೆ. ಮುಗಿದುಹೋದದ್ದಕ್ಕೆ ನಾವು ‘ಇದ್ದಿತ್ತ್’ ಅನ್ನುತ್ತೇವೆ. ಪುಸ್ತಕದ ಕನ್ನಡದಲ್ಲಿ ಕಳೆದುಹೋದ ಸಕ್ಕರೆ ನಮ್ಮ ಡಬ್ಬಿಯಲ್ಲಿ ಇನ್ನೂ ಇರುತ್ತದೆ. ಈ ಕಥೆಯನ್ನು ಎಷ್ಟು ಕಡೆ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ. ಅದೇ ಚೀಲ ಹಿಡಿದು ನಾನೂ ಹೊರಟಿದ್ದೆ ಎಂಬುದು ಆ ಬಸಳೆಯ ಬೆಳಿಗ್ಗೆಯವರೆಗೆ ಗೊತ್ತಿರಲಿಲ್ಲ.

ಅಮ್ಮನೂ ದೊಡ್ಡಮ್ಮನೂ ಮಾತು ಬಿಟ್ಟಿದ್ದರು. ಕಾರಣ ಅಷ್ಟು ದೊಡ್ಡದಲ್ಲ, ಅಥವಾ ನನಗೆ ಹೇಳಿದಷ್ಟು ದೊಡ್ಡದಲ್ಲ. ದೊಡ್ಡಮ್ಮನ ಮಗಳ ಮದುವೆಯ ಮಾತುಕತೆಗೆ ಗಂಡಿನ ಕಡೆಯವರು ಬಂದಿದ್ದರು. ಮನೆ ಎಷ್ಟು ತಂಪಾಗಿದೆ, ಒಳ್ಳೆ ಗಾಳಿ ಎಂದು ಅವರಲ್ಲಿ ಯಾರೋ ಹೇಳಿದರಂತೆ. ಅಮ್ಮ ಕಾಫಿ ಲೋಟ ಕೊಡುತ್ತ, “ಗಾಳಿಗೆಂತ ಕಮ್ಮಿ, ಇನ್ನೆರಡ್ ಮಳ್ಗಾಲ ಹೋದ್ರೆ ಮನಿಯೇ ಕಡ್ಲಿಗ್” ಅಂದುಬಿಟ್ಟಳು. ತಮಾಷೆಗೆ. ಮದುವೆಯೇನೂ ತಪ್ಪಲಿಲ್ಲ. ಆದರೆ ದೊಡ್ಡಮ್ಮ ಆವತ್ತಿನಿಂದ ತಂಗಿಯ ಜೊತೆ ಮಾತಾಡಲಿಲ್ಲ. ಎರಡು ಮಳೆಗಾಲವಲ್ಲ, ಬಹಳ ಮಳೆಗಾಲ ಕಳೆದ ಮೇಲೆ ಸಮುದ್ರ ನಿಜವಾಗಿಯೂ ಹಿತ್ತಿಲಿಗೆ ಬಂತು, ತೆಂಗಿನ ಮರಗಳನ್ನು ಒಂದೊಂದಾಗಿ ತೆಗೆದುಕೊಂಡಿತು. ಅಮ್ಮನ ಮಾತು ಸುಳ್ಳಾಗಿದ್ದರೆ ಅಕ್ಕತಂಗಿಯರು ಬೇಗ ಸರಿಹೋಗುತ್ತಿದ್ದರೇನೋ.

ಲ್ಯಾಪ್‌ಟಾಪು ಹೊಸದಾಗಿದ್ದಾಗ ನನಗೆ ಒಂದು ಹುಚ್ಚು ಹತ್ತಿತು. ದೊಡ್ಡಮ್ಮನ ಬಾಯಲ್ಲಿದ್ದ ಮೀನಿನ ಹೆಸರು, ಗಾಳಿಯ ಹೆಸರು, ಬೈಗುಳ, ಎಲ್ಲ ಹಿಡಿದಿಟ್ಟುಕೊಳ್ಳಬೇಕು. ಬಸ್ಸು ಹತ್ತಿ ಮರವಂತೆಗೆ ಹೋದೆ. ಜಗಲಿಯಲ್ಲಿ (ಒಪ್ಪಿಕೊಂಡಿದ್ದೇವಲ್ಲ) ಯಂತ್ರ ತೆರೆದಿಟ್ಟೆ. ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

“ಇದ್ಕ್ ಕೇಣ್ತಾ?”

“ಕೇಳುತ್ತೆ.”

“ಕೇಂಡ್ ಎಂತ ಮಾಡ್ತ್?”

“ಒಳಗೆ ಇಟ್ಟುಕೊಳ್ಳುತ್ತೆ.”

“ಹಂಗಾರೆ ನಿನ್ ಅಮ್ಮನ್ ಹಾಂಗೇ.”

ಈ ಐದು ಸಾಲು ಫೈಲಿನಲ್ಲಿ ಸ್ಪಷ್ಟವಾಗಿವೆ, ಆದ್ದರಿಂದ ಧೈರ್ಯದಿಂದ ಬರೆಯುತ್ತಿದ್ದೇನೆ. ಒಂದು ಗಂಟೆ ಮಾತಾಡಿದಳು. ಕೊನೆಯಲ್ಲಿ ನಾನು, ಪ್ರಶ್ನೆ ಕೇಳುವವಳ ಉತ್ಸಾಹದಲ್ಲಿ, “ಅಮ್ಮನ ಮೇಲೆ ಇನ್ನೂ ಸಿಟ್ಟಾ ದೊಡ್ಡಮ್ಮ?” ಎಂದೆ. ಅವಳು ಏನೋ ಅಂದಳು. ನಾನು ಸಂಜೆ ಬ್ರಹ್ಮಾವರಕ್ಕೆ ಬಂದು ಅಮ್ಮನಿಗೆ “ಸಿಟ್ಟು ಇತ್ತಂತೆ” ಎಂದೆ.

ಮೈಸೂರಿನಲ್ಲಿ ಐದು ವರ್ಷ ಓದಿ ನನ್ನ ನಾಲಗೆಗೆ ಇಸ್ತ್ರಿ ಬಿದ್ದಿದೆ. ಮನೆಯಲ್ಲೂ ಪುಸ್ತಕದ ಕನ್ನಡವನ್ನೇ ಆಡುತ್ತೇನೆ, ಅಮ್ಮ ತನ್ನ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ. ಇಬ್ಬರಿಗೂ ಇದುವರೆಗೆ ತೊಂದರೆಯಾಗಿರಲಿಲ್ಲ. ನಾನು ‘ಇತ್ತಂತೆ’ ಎಂದದ್ದು, ಹಿಂದೆ ಇತ್ತು ಈಗ ಹೋಗಿದೆ ಎಂಬ ಅರ್ಥದಲ್ಲಿ. ಹಾಗೆಂದು ಈಗ ಅಂದುಕೊಂಡಿದ್ದೇನೆ. ಅಮ್ಮ ಕೇಳಿಸಿಕೊಂಡದ್ದು ‘ಇತ್ತ್’ ಎಂದು. ಇದೆ ಎಂದು.

“ನೀನೇ ಹೇಳಿದ್ದ್. ಬ್ಯಾಗ್ ಕೆಳ್ಗಿಡು ಮುಂಚೆ ಹೇಳಿದೆ” ಎಂದಳು ಅಮ್ಮ, ಬಸಳೆಯ ಬುಟ್ಟಿ ಎತ್ತಿಕೊಂಡು. “ಸಿಟ್ಟ್ ಇಪ್ಪುವಾಗ ಹೋಪುದ್ ಹ್ಯಾಂಗೆ. ಹೋಯ್ಲಿಲ್ಲೆ.”

ದೊಡ್ಡಮ್ಮ ಅದಾದ ಮೇಲೆ ಎರಡು ವರ್ಷ ಇದ್ದಳು. ಬ್ರಹ್ಮಾವರದಿಂದ ಮರವಂತೆಗೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆಯ ದಾರಿ. ಅಮ್ಮ ಹೋದದ್ದು ಹದಿಮೂರನೇ ದಿನದ ಊಟಕ್ಕೆ.

ಆ ಮಧ್ಯಾಹ್ನ ಲ್ಯಾಪ್‌ಟಾಪಿನ ಮುಂದೆ ಕೂತು ಫೈಲು ತೆರೆದೆ. ಮೊದಲು, ಆಗ ರೆಕಾರ್ಡು ಕೇಳಿ ಬರೆದಿಟ್ಟಿದ್ದ ಪ್ರತಿಯನ್ನು ನೋಡಿದೆ. ಅದನ್ನು ಬರೆದಿಟ್ಟವಳು ಕರಡು ತಿದ್ದುವವಳು. ದೊಡ್ಡಮ್ಮನ ಮಾತನ್ನೆಲ್ಲ ಬಾಲ ಸೇರಿಸಿ, ಬಟ್ಟೆ ತೊಡಿಸಿ, ಸಾಲಾಗಿ ನಿಲ್ಲಿಸಿದ್ದಾಳೆ. ‘ಅವಳ ಮೇಲೆ ಸಿಟ್ಟು ಇತ್ತು.’ ಕೊನೆಗೆ ಒಂದು ಚುಕ್ಕಿ. ಇದು ‘ಇದ್ದಿತ್ತ್’ ಎಂಬುದರ ಅನುವಾದವೋ, ಅಥವಾ ‘ಇತ್ತ್’ ಎಂಬುದಕ್ಕೆ ಅಭ್ಯಾಸಬಲದಿಂದ ಹಚ್ಚಿದ ಒಂದು ಉಕಾರವೋ? ಬರೆದವಳು ನಾನು. ನನಗೆ ತಿಳಿಯುವುದಿಲ್ಲ.

ಹಾಗಾದರೆ ಧ್ವನಿ ಕೇಳಬೇಕು. ಕೇಳಿದೆ. ಹಳೆ ಯಂತ್ರದ ಫ್ಯಾನಿನ ಗಿರಿಗಿರಿಯ ನಡುವೆ ದೊಡ್ಡಮ್ಮ, “ಅವ್ಳ್ ಮೇಲ್ ಸಿಟ್ಟ್ ಇ” ಎನ್ನುತ್ತಾಳೆ. ಆಮೇಲೆ ಏನೂ ಇಲ್ಲ. ಒಂದು ಸಪಾಟಾದ ಮೌನ, ಅದರ ನಂತರ ನಾನು “ಆಯ್ತು ದೊಡ್ಡಮ್ಮ” ಎನ್ನುವ ದನಿ.

ಇದಕ್ಕೂ ಕಾರಣ ನಾನೇ. ರೆಕಾರ್ಡಿನಲ್ಲಿ ಉದ್ದಕ್ಕೂ ಸಮುದ್ರದ ಮೊರೆತವಿತ್ತು, ನನಗದು ಕಿರಿಕಿರಿಯಾಗಿ ಕೇಳಿತ್ತು. ಸದ್ದು ತೆಗೆಯುವ ಒಂದು ತಂತ್ರಾಂಶ ಹಾಕಿಕೊಂಡೆ. ಬರೀ ಸದ್ದೇ ಇರುವ ಒಂದು ತುಣುಕನ್ನು ತೋರಿಸಿದರೆ ಅದರ ಹಾಗಿರುವುದನ್ನೆಲ್ಲ ಅದು ಅಳಿಸುತ್ತದೆ. ದೊಡ್ಡಮ್ಮ ಎಲೆ ಬಾಯಿಗೆ ಹಾಕಿಕೊಳ್ಳಲು ನಿಂತ ಹೊತ್ತಿನ ಸಮುದ್ರವನ್ನು ತೋರಿಸಿದೆ. ಅದು ಸಮುದ್ರವನ್ನು ತೆಗೆಯಿತು. ನಮ್ಮ ಮಾತಿನ ಕೊನೆಗಳು ಅರ್ಧಕ್ಕೇ ನಿಲ್ಲುವಂಥವು, ಉಸಿರಿನ ಹಾಗೆ. ಮರಳಿನ ಮೇಲೆ ತೆರೆ ಎಳೆದುಕೊಂಡು ಹೋಗುವ ಸದ್ದಿಗೂ ಅವಕ್ಕೂ ಆ ತಂತ್ರಾಂಶಕ್ಕೆ ವ್ಯತ್ಯಾಸ ಸಿಗಲಿಲ್ಲ. ಎರಡನ್ನೂ ಒಯ್ದಿತು. ಮೂಲಪ್ರತಿಯನ್ನು ಬೇರೆ ತೆಗೆದಿಡಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನಾನು ಅದೇ ಹೆಸರಿನಲ್ಲಿ ಉಳಿಸಿಬಿಟ್ಟಿದ್ದೆ.

ಉಳಿದದ್ದು ಒಂದು ‘ಇ’. ಅದರ ಮುಂದೆ ಇತ್ತ್ ಬರಬಹುದು, ಇದ್ದಿತ್ತ್ ಬರಬಹುದು, ಇಲ್ಲೆ ಎಂದೂ ಬರಬಹುದು. ಇದೆ, ಆಗ ಇತ್ತು, ಇಲ್ಲವೇ ಇಲ್ಲ. ಮೂರೂ ಒಂದೇ ಬಾಗಿಲಿನಿಂದ ಹೊರಡುತ್ತವೆ.

ಪೆನ್‌ಡ್ರೈವಿಗೆ ಫೈಲು ಹಾಕಿಕೊಂಡು ರಾಘುವಿನ ಅಂಗಡಿಗೆ ಹೋದೆ. ನಿಜ ಹೇಳುತ್ತೇನೆ, ಆಗ ಫೋಟೋ ತುಂಬಿದ ಪುಟಗಳು ನನ್ನ ತಲೆಯಲ್ಲಿರಲಿಲ್ಲ. ಹೊಸ ತಲೆಮಾರು ಬೇಕೋ ಬೇಡವೋ ಎಂಬುದು ಈಗ ಒಂದು ಅಕ್ಷರದ ಮೇಲೆ ನಿಂತಿತ್ತು.

“ಹೊಸ್ದ್ರಂಗೆ ಎಐ ಇತ್ತ್ ಅಕ್ಕ” ಎಂದ ರಾಘು. ಆ ‘ಇತ್ತ್’ ಕೇಳಿ ನಾನು ಬೆಚ್ಚಿದೆ, ಅವನಿಗೆ ತಿಳಿಯಲಿಲ್ಲ. “ಹಾಳಾದ್ ದನಿನೂ ಸಾಪ್ ಮಾಡಿ ಕೊಡತ್ತ್. ಕಾಣಿ ಬೇಕಾರೆ.”

ಮೇಜಿನ ಮೇಲೆ ಒಂದು ಹೊಸ ಯಂತ್ರ ತೆರೆದ. ತಟ್ಟೆಯಷ್ಟು ತೆಳು, ಫ್ಯಾನಿನ ಸದ್ದೇ ಇಲ್ಲ. ಫೈಲು ಹಾಕಿ ಏನೋ ಒತ್ತಿದ. ನಾವು ಇನ್ನೂ ಉಸಿರು ಬಿಡುವ ಮುಂಚೆ ಮುಗಿಯಿತು. ದೊಡ್ಡಮ್ಮ ನಮ್ಮ ಪಕ್ಕದಲ್ಲೇ ಕೂತಂತೆ ಹೇಳಿದಳು: “ಅವಳ ಮೇಲೆ ಸಿಟ್ಟು ಇಲ್ಲ.”

ಕಣ್ಣು ತುಂಬಿ ಬಂತು. ಇದೇ ಬೇಕಾಗಿತ್ತು ನನಗೆ, ಅದನ್ನು ಮುಚ್ಚಿಡಲಾರೆ. ಇದನ್ನು ಅಮ್ಮನಿಗೆ ಕೇಳಿಸಿದರೆ ಸಾಕು, ಆ ಒಂಬತ್ತು ವರ್ಷಗಳ ಭಾರ ಇಳಿಯುತ್ತದೆ, ನನ್ನದೂ ಇಳಿಯುತ್ತದೆ. ಯಂತ್ರ ಕಟ್ಟಿಕೊಡು ಎನ್ನಬೇಕು, ಬಾಯಿಗೆ ಬಂದಿತ್ತು. ಆದರೆ ತಿದ್ದುವವಳ ಕಿವಿ ತಡೆಯಿತು. ದೊಡ್ಡಮ್ಮ ಜನ್ಮದಲ್ಲಿ ‘ಇಲ್ಲ’ ಎಂದವಳಲ್ಲ. ‘ಇಲ್ಲೆ’ ಅನ್ನುವವಳು. ‘ಅವ್ಳ್ ಮೇಲ್’ ಎಂದದ್ದು ‘ಅವಳ ಮೇಲೆ’ ಆದದ್ದು ಯಾವಾಗ?

“ಇನ್ನೊಮ್ಮೆ ಮಾಡಪ್ಪ” ಎಂದೆ.

ರಾಘು ಏನೋ ಸ್ವಲ್ಪ ಹೆಚ್ಚುಕಮ್ಮಿ ಮಾಡಿ ಮತ್ತೆ ಒತ್ತಿದ. ದೊಡ್ಡಮ್ಮ ಅಷ್ಟೇ ಸ್ಪಷ್ಟವಾಗಿ, ಅಷ್ಟೇ ಹತ್ತಿರದಿಂದ, ವಾರ್ತೆ ಓದುವವರ ಹಾಗೆ ಹೇಳಿದಳು: “ಅವಳ ಮೇಲೆ ಸಿಟ್ಟು ಇದೆ.”

ರಾಘು ತಲೆ ಕೆರೆದುಕೊಂಡು, “ಇಲ್ದಿದ್ದಲ್ಲ್ ಅಂದಾಜಿಗೆ ತುಂಬ್ಸುದ್ ಅಕ್ಕ ಅದ್” ಎಂದ. ಅವನನ್ನೂ ಅದನ್ನೂ ಬೈಯುವ ಹಾಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ, ಬ್ಯಾಗು ಕೆಳಗಿಡುವ ಮುಂಚೆ, ನಾನೂ ಏನನ್ನು ತುಂಬಿಸಿದ್ದೆನೋ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ನಾನಂದ ‘ಇತ್ತಂತೆ’, ಅವಳು ಕೇಳಿದ ‘ಇತ್ತ್’, ಅಳಿಸಿದ ಸಮುದ್ರ, ಅಂಗಡಿಯ ಎರಡು ದೊಡ್ಡಮ್ಮಂದಿರು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ಒರೆಸಿಕೊಂಡು ಬಂದು ಹಳೆ ಲ್ಯಾಪ್‌ಟಾಪಿನ ಮುಂದೆ ಕೂತಳು.

“ಹಾಕ್.”

ಹಾಕಿದೆ. ಅವಳು ಆ ದನಿಯನ್ನು ಕೇಳುತ್ತಿರುವುದು ಇದೇ ಮೊದಲು ಎಂದು ಆಗ ಹೊಳೆಯಿತು. ಒಂಬತ್ತು ವರ್ಷ ಅದೇ ಮೇಜಿನ ಮೇಲೆ ಊಟ ಮಾಡಿದ್ದೇವೆ. “ಹಂಗಾರೆ ನಿನ್ ಅಮ್ಮನ್ ಹಾಂಗೇ” ಎಂಬಲ್ಲಿ ಅಮ್ಮನ ಮೂಗು ಸ್ವಲ್ಪ ಅರಳಿತು. ನಗುವೋ ಸಿಟ್ಟೋ. ಕೊನೆಯ ತುಂಡನ್ನು ಮೂರು ಸಲ ಹಾಕಿಸಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಹುಟ್ಟಿದಂದಿನಿಂದ ಕೇಳಿದ ದನಿ, ಅಕ್ಕನ ಒಂದು ‘ಇ’ ಎತ್ತ ಹೊರಟಿದೆ ಎಂದು ತಂಗಿಗೆ ಗೊತ್ತಾಗದೆ ಇರುತ್ತದೆಯೇ?

ಅಮ್ಮ ಕೇಳಿದ್ದು ಬೇರೆ. “ಕಡ್ಲ್ ಎಲ್ಲ್ ಹೋಯ್ತ್?”

“ತೆಗೆದುಬಿಟ್ಟೆ ಅಂದೆನಲ್ಲಮ್ಮ.”

“ಆ ಮನಿಯಂಗೆ ಎಲ್ಲ್ ಕೂತ್ರೂ ಕಡ್ಲ್ ಕೇಣ್ತಿತ್ತ್. ಇದ್ ಅಕ್ಕನ್ ಮನಿ ಹಾಂಗೇ ಇಲ್ಲೆ.” ಯಂತ್ರದ ಕಡೆ ನೋಡುತ್ತ, “ಅವ್ಳ್ ಎಂತ ಹೇಳಿದ್ಲಂತ ನಂಗೂ ತಿಳಿತಿಲ್ಲೆ. ನಾನ್ ಹೋಯ್ಕಿದ್ದಿತ್ತ್. ಸಿಟ್ಟ್ ಇತ್ತಾ ಇಲ್ಯಾ ಕೇಂಬುದಲ್ಲ, ಹೋಯ್ಕಿದ್ದಿತ್ತ್” ಎಂದಳು. ಹೋಗಬೇಕಾಗಿತ್ತು ಎಂದು. ಇದರಲ್ಲಿ ಕಾಲದ ಬಗ್ಗೆ ಯಾವ ಸಂಶಯವೂ ಇರಲಿಲ್ಲ.

“ಹೊಸದಕ್ಕೂ ಹಾಕಿಕೊಳ್ಳಲಾ ಇದನ್ನು?”

“ಬ್ಯಾಡ. ಅಲ್ಲ್ ಅವ್ಳ್ ಮಾತ್ ಬದ್ಲಾತ್ತಲ್ದಾ. ಇದ್ರಂಗೇ ಇರ್ಲಿ. ಇದನ್ನ ನಂಗ್ ಕೊಡ್.”

ಹೀಗಾಗಿ ನನಗೆ ಹೊಸದು ಬೇಕೇ ಆಯಿತು. ಅಪ್‌ಗ್ರೇಡ್ ಮಾಡುವುದು ಲಾಭವೇ ಎಂದು ತಿಳಿಯಲೆಂದೇ ನಿಮ್ಮಲ್ಲಿ ಯಾರಾದರೂ ಈ ಪ್ರಬಂಧವನ್ನು ಓದುತ್ತಿದ್ದರೆ, ಹೇಳುತ್ತೇನೆ: ಪುಟಗಳು ಬೇಗ ತೆರೆಯುತ್ತವೆ. ಗಂಜಿಗೆ ನೀರಿಡಲು ಬಿಡುವು ಸಿಗುವುದಿಲ್ಲ. ರಾಘು ಎಲ್ಲವನ್ನೂ ವರ್ಗಾಯಿಸಿ, ಒಂದು ಫೈಲು ಬಿಟ್ಟು, “ಅಡ್ಡಿಲ್ಲ್ಯಾ ಅಕ್ಕ?” ಎಂದು ಎರಡು ಸಲ ಕೇಳಿದ. ಪೆನ್‌ಡ್ರೈವಿನದನ್ನೂ ಅಳಿಸಿಹಾಕಿಸಿದೆ. ಕರಡು ತಿದ್ದುವವಳು, ಯಾರದೋ ಪುಸ್ತಕಕ್ಕೆ ಮೂರು ಮೂರು ಪ್ರತಿ ಇಡುವವಳು, ಇದಕ್ಕೆ ಒಂದೇ ಪ್ರತಿ ಉಳಿಸಿದ್ದೇನೆ, ಅದೂ ಯಾವ ದಿನ ನಿಲ್ಲುತ್ತದೋ ಗೊತ್ತಿಲ್ಲದ ಯಂತ್ರದಲ್ಲಿ. ಸರಿಯೋ ತಪ್ಪೋ ತಿಳಿಯದು.

ಇದನ್ನು ಹೊಸದರಲ್ಲಿ ಬರೆಯುತ್ತಿದ್ದೇನೆ. ಅದು ‘ಇತ್ತ್’ ಎಂಬ ಪ್ರತಿ ಮಾತಿನ ಕೆಳಗೆ ಕೆಂಪು ಗೆರೆ ಎಳೆಯುತ್ತಿದೆ, ‘ಇತ್ತು’ ಎಂದು ಮಾಡಲೇ ಎಂದು ಸಭ್ಯವಾಗಿ ಕೇಳುತ್ತಿದೆ. ಪುಟದ ತುಂಬ ಗೆರೆಗಳು. ಒಂದನ್ನೂ ತಿದ್ದಿಲ್ಲ. ಒಳಕೋಣೆಯಿಂದ ಹಳೆಯದರ ಫ್ಯಾನಿನ ಸದ್ದು ಕೇಳುತ್ತಿದೆ, ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಅದನ್ನು ತೆರೆದುಕೊಂಡು ಕೂರುತ್ತಾಳೆ. ದೊಡ್ಡಮ್ಮನ ದನಿ ಸಣ್ಣಗೆ ಬರುತ್ತದೆ, ‘ಇ’ ಎಂಬಲ್ಲಿಗೆ ನಿಲ್ಲುತ್ತದೆ. ಆ ಮೌನದಲ್ಲಿ ಅಮ್ಮ ಪ್ರತಿದಿನ ಒಂದೇ ಮಾತನ್ನು ಕೇಳಿಸಿಕೊಳ್ಳುತ್ತಾಳೋ, ದಿನಕ್ಕೊಂದೋ, ನಾನು ಕೇಳಿಲ್ಲ. ದೊಡ್ಡಮ್ಮ ಆ ದಿನ ಏನೆಂದಳು ಎಂಬುದು ನನಗೆ ಗೊತ್ತಿಲ್ಲ.